ಹಾಲ್ ಗೋಡೆಗೆ ಯಾರನ್ನ ಕರೆಯೋದು?

ಯಶವಂತಪುರದ ಹಳೇ ಮನೆ ಬಿಟ್ಟು ಯಲಹಂಕದ ಫ್ಲ್ಯಾಟಿಗೆ ಬಂದ ದಿನ ನಮ್ಮ ಅಜ್ಜಿ ಕಿಚನ್ ನೋಡಲಿಲ್ಲ, ಲಿಫ್ಟ್ ಬಗ್ಗೆ ಮಾತಾಡಲಿಲ್ಲ. ಹಾಲ್ ಮಧ್ಯ ನಿಂತು, "ದೀಪದ ಹುಡುಗಿ ಎಲ್ಲಿ?" ಅಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದೀಪದ ಹುಡುಗಿ ಅಂದ್ರೆ ಹಳೇ ಮನೆಯಲ್ಲಿ ಬಾಗಿಲಿನ ಮೇಲೆ ತೂಗುತ್ತಿದ್ದ ಒಂದು ಪ್ರಿಂಟ್. ಸೀರೆ ಉಟ್ಟ ಹೆಣ್ಣೊಬ್ಬಳು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈ ಅಡ್ಡ ಇಟ್ಟುಕೊಂಡಿರುವ ಚಿತ್ರ. ಇಂಟೀರಿಯರ್‌ನವರು ಕೊಟ್ಟ ತ್ರೀಡಿ ಡಿಸೈನ್‌ನಲ್ಲಿ ಆ ಜಾಗಕ್ಕೆ ಚಿನ್ನದ ಬಣ್ಣದ ನಾಲ್ಕು ವೃತ್ತಗಳಿದ್ದವು. ಹಾಗಾಗಿ ದೀಪದ ಹುಡುಗಿ ಹಳೇ ಮನೆಯ ಅಟ್ಟದಲ್ಲೇ ಉಳಿದಿದ್ದಳು.

ಮಾರನೇ ದಿನ ಹೋಗಿ ತಂದೆ. ಗಾಜು ಸೀಳಿತ್ತು. ಒಂದು ಮೂಲೆಯಲ್ಲಿ ಕಾಗದ ಗಾಜಿಗೆ ಅಂಟಿಕೊಂಡಿತ್ತು. ಅಜ್ಜಿ ಏನೂ ಹೇಳಲಿಲ್ಲ, ಅದೇ ಕಷ್ಟ ಆಗಿದ್ದು.

ಆಮೇಲೆ ಎರಡು ತಿಂಗಳು ನಾನು ಈ ವಿಷಯದ ಹಿಂದೆ ಬಿದ್ದೆ. ಮನುಷ್ಯರಿರುವ ಚಿತ್ರವನ್ನು ಮನೆಗೆ ಹೇಗೆ ಆರಿಸೋದು? ನಮ್ಮಲ್ಲಿ ತುಂಬಾ ಜನ ಹಾಸ್ಟೆಲ್‌ನಲ್ಲೋ ಪಿಜಿಯಲ್ಲೋ ಇದ್ದೀರಿ, ನಾಳೆ ಕೆಲಸ ಸಿಕ್ಕಿ ಹೆಬ್ಬಾಳದಲ್ಲೋ ಆರ್‌ಟಿ ನಗರದಲ್ಲೋ ಮನೆ ಮಾಡುತ್ತೀರಿ. ಆಗ ಉಪಯೋಗಕ್ಕೆ ಬರಬಹುದು ಅಂತ ಬರೀತಿದ್ದೀನಿ. (ಕನ್ನಡದಲ್ಲಿ ಚಿತ್ರವನ್ನೂ "ಬರೆಯುತ್ತೇವೆ", ಲೇಖನವನ್ನೂ ಬರೆಯುತ್ತೇವೆ. ಇದು ನನಗೆ ಈಗ ಹೊಳೆದಿದ್ದು.)

ಮೊದಲು ಆ ಹುಡುಗಿ ಯಾರು ಅಂತ ನೋಡೋಣ. ನಮ್ಮ ಮನೆಯಲ್ಲಿ ಎಲ್ಲರೂ ಅದು ರಾಜಾ ರವಿವರ್ಮನ ಚಿತ್ರ ಅಂತಲೇ ಅಂದುಕೊಂಡಿದ್ದರು. ನಿಮ್ಮ ಮನೆಯಲ್ಲೂ ಹಾಗೇ ಹೇಳಿರಬಹುದು. ಅಲ್ಲ. ಅದನ್ನು ಬರೆದವರು ಸಾವಂತವಾಡಿ ಕಡೆಯ ಎಸ್. ಎಲ್. ಹಲ್ದಣಕರ್. ಅವರ ಕಾಲ 1882ರಿಂದ 1968. ಚಿತ್ರ ಬಂದಿದ್ದು 1940ರ ದಶಕದಲ್ಲಿ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಲೆಕ್ಕ ಅಲ್ಲಿಗೇ ಮುಗೀತು. ಮೂಲ ಚಿತ್ರ ಇರುವುದು ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯಲ್ಲಿ. ಮಾಡೆಲ್ ಆಗಿ ನಿಂತವರು ಹಲ್ದಣಕರ್ ಅವರ ಸ್ವಂತ ಮಗಳು ಗೀತಾ. ಅವರು 2018ರಲ್ಲಿ ತೀರಿಕೊಂಡಾಗ 102 ವರ್ಷ. ಅಂದ್ರೆ ಅಜ್ಜಿ ದಿನಾ ನೋಡುತ್ತಿದ್ದ "ಹುಡುಗಿ" ಅಜ್ಜಿಗಿಂತ ಎಷ್ಟೋ ದೊಡ್ಡವರು! ಇದನ್ನು ಹೇಳಿದಾಗ ಅಜ್ಜಿ ಎರಡು ತಿಂಗಳಲ್ಲಿ ಮೊದಲ ಸಲ ಜೋರಾಗಿ ನಕ್ಕರು.

ನನಗೆ ಹೆಚ್ಚು ಆಶ್ಚರ್ಯ ಆಗಿದ್ದು ಇನ್ನೊಂದು ವಿಷಯಕ್ಕೆ. ಅದು ಆಯಿಲ್ ಪೇಂಟಿಂಗ್ ಅಲ್ಲ, ಜಲವರ್ಣ. ಜಲವರ್ಣದಲ್ಲಿ ಬೆಳಕು ಅಂದ್ರೆ ಸಾಮಾನ್ಯವಾಗಿ ಬಿಳಿ ಬಣ್ಣ ಹಚ್ಚುವುದಲ್ಲ, ಬಣ್ಣ ಹಚ್ಚದೆ ಕಾಗದವನ್ನು ಉಳಿಸುವುದು. ಕತ್ತಲೆಯನ್ನು ಪದರ ಪದರವಾಗಿ ಕಟ್ಟುತ್ತಾ, ಬೆಳಕಿಗೆ ಜಾಗ ಬಿಟ್ಟುಕೊಂಡು ಬರಬೇಕು. ತಪ್ಪಿದರೆ ಅನ್‌ಡೂ ಇಲ್ಲ. ಈ ಚಿತ್ರದಲ್ಲಿ ಬೆಳಕಿನ ಮೂಲ ಆ ಒಂದೇ ದೀಪ. ಅದಕ್ಕೆ ಅಡ್ಡ ಹಿಡಿದ ಬೆರಳುಗಳು ಕೆಂಪಗೆ ಹೊಳೆಯುತ್ತವಲ್ಲ, ಅದು ಸುಮ್ಮನೆ ಅಲಂಕಾರ ಅಲ್ಲ. ಮೊಬೈಲ್ ಟಾರ್ಚ್ ಮೇಲೆ ಬೆರಳಿಟ್ಟು ನೋಡಿ, ಅದೇ ಕೆಂಪು. ಬೆಳಕು ಚರ್ಮದ ಒಳಗೆ ಹೊಕ್ಕು, ಚದುರಿ, ಹೊರಗೆ ಬರುವಾಗ ಕೆಂಪು ಮಾತ್ರ ಹೆಚ್ಚು ಉಳಿಯುತ್ತದೆ. ಗೇಮ್ ಗ್ರಾಫಿಕ್ಸ್‌ನವರು ಇದಕ್ಕೆ ಸಬ್‌ಸರ್ಫೇಸ್ ಸ್ಕ್ಯಾಟರಿಂಗ್ ಅಂತ ಹೆಸರಿಟ್ಟು ಜಿಪಿಯು ಬಿಸಿ ಮಾಡುತ್ತಾರೆ. ಹಲ್ದಣಕರ್ ಅದನ್ನು ಕಣ್ಣಲ್ಲೇ ನೋಡಿ ನೀರಲ್ಲಿ ಮಾಡಿದ್ದಾರೆ.

ಸರಿ, ಮತ್ತೆ ನಮ್ಮ ಗೋಡೆಗೆ ಬರೋಣ. ಅಜ್ಜಿಯನ್ನು ಸಮಾಧಾನ ಮಾಡಲು ಅಪ್ಪ ಆನ್‌ಲೈನ್‌ನಲ್ಲಿ ಒಂದು ಚಿತ್ರ ತರಿಸಿದರು. ಕೊಡ ಹೊತ್ತ ಹಳ್ಳಿ ಹೆಂಗಸು, "ನೂರಕ್ಕೆ ನೂರು ಕೈಯಲ್ಲಿ ಬರೆದದ್ದು", ಆರು ಸಾವಿರದ ಎಂಟುನೂರು ರೂಪಾಯಿ. ಕ್ಯಾನ್ವಾಸ್ ಇತ್ತು, ಮುಟ್ಟಿದರೆ ಬ್ರಷ್ ಗುರುತು ಕೂಡ ಸಿಗುತ್ತಿತ್ತು. ಆದರೂ ಏನೋ ಸರಿ ಇಲ್ಲ ಅನ್ನಿಸುತ್ತಿತ್ತು. ಒಂದು ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ತಾಗಿಸಿದ ಹಾಗೆ ಪಕ್ಕದಿಂದ ಬಿಟ್ಟೆ. ಉಬ್ಬು ಗೆರೆಗಳೆಲ್ಲ ಎದ್ದು ಕಂಡವು, ಆದರೆ ಗೆರೆಗೂ ಚಿತ್ರಕ್ಕೂ ಸಂಬಂಧವೇ ಇಲ್ಲ! ಸೀರೆಯ ಅಂಚು ಕೆಳಗೆ ಇಳಿಯುತ್ತಿದ್ದರೆ ಬ್ರಷ್ ಗುರುತು ಅಡ್ಡ ಹೋಗುತ್ತಿತ್ತು. ಕೆನ್ನೆಯ ಮಧ್ಯದಿಂದ ಆಕಾಶದವರೆಗೆ ಒಂದೇ ಗೀರು. ಪ್ರಿಂಟ್ ಹೊಡೆದು, ಅದರ ಮೇಲೆ ಪಾರದರ್ಶಕ ಜೆಲ್ ಬಳಿದಿದ್ದರು. ಅಷ್ಟರಲ್ಲಿ ವಾಪಸ್ ಕಳಿಸುವ ದಿನ ಮುಗಿದಿತ್ತು.

ಆ ದುಡ್ಡಿಗೆ ನಾನು ಕಲಿತ ಪಾಠ ಇಷ್ಟು. ಕೈಬರಹದ ಚಿತ್ರದಲ್ಲಿ ಉಬ್ಬು ಮತ್ತು ಬಣ್ಣ ಒಂದೇ ವಸ್ತು, ಹಾಗಾಗಿ ಎರಡೂ ಒಟ್ಟಿಗೇ ತಿರುಗುತ್ತವೆ. ಇನ್ನೂರು ರೂಪಾಯಿ ಒಳಗಿನ ಹತ್ತು ಪಟ್ಟು ಲೂಪ್ ಇಟ್ಟುಕೊಂಡರೆ ಇನ್ನೂ ಸುಲಭ. ಕ್ಯಾಲೆಂಡರ್‌ಗಳಂಥ ಆಫ್‌ಸೆಟ್ ಪ್ರಿಂಟ್‌ನಲ್ಲಿ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಚುಕ್ಕೆಗಳು ಪುಟ್ಟ ಹೂವಿನ ಹಾಗೆ ಜೋಡಿಸಿಕೊಂಡು ಕಾಣುತ್ತವೆ. ಇಂಕ್‌ಜೆಟ್‌ನಲ್ಲಿ ಚುಕ್ಕೆಗಳು ಪುಡಿ ಚೆಲ್ಲಿದ ಹಾಗೆ ಅಡ್ಡಾದಿಡ್ಡಿ ಇರುತ್ತವೆ. ನಿಜವಾದ ಬಣ್ಣದಲ್ಲಿ ಚುಕ್ಕೆಯೇ ಇಲ್ಲ. ಜಲವರ್ಣ ಆದರೆ ಕಾಗದದ ಸಣ್ಣ ಸಣ್ಣ ಗುಂಡಿಗಳಲ್ಲಿ ಬಣ್ಣದ ಪುಡಿ ಕೂತಿರುತ್ತದೆ, ಕೆಲವು ಕಡೆ ಅಡಿಯಲ್ಲಿ ಪೆನ್ಸಿಲ್ ಗೆರೆ ಇಣುಕುತ್ತದೆ. ಕ್ಯಾನ್ವಾಸ್ ಆದರೆ ಅಂಚು ತಿರುಗಿಸಿ ನೋಡಿ. ಚಿತ್ರ ಅಂಚಿನ ಮೇಲೂ ಇಸ್ತ್ರಿ ಮಾಡಿದ ಹಾಗೆ ನೀಟಾಗಿ ಮಡಚಿಕೊಂಡಿದ್ದರೆ ಅನುಮಾನ ಪಡಿ. ಕೈಯಲ್ಲಿ ಬರೆದವರು ಅಂಚಿನಲ್ಲಿ ಬಣ್ಣ ಒರೆಸಿಕೊಂಡಿರುತ್ತಾರೆ.

ಹಾಗಂತ ಪ್ರಿಂಟ್ ಅಂದ್ರೆ ಕೀಳು ಅಂತ ನಾನು ಹೇಳುತ್ತಿಲ್ಲ. ನಮ್ಮ ನಾಡಿನ ಮನೆಗಳಿಗೆ ಮನುಷ್ಯಾಕೃತಿಯ ಚಿತ್ರ ಬಂದಿದ್ದೇ ಪ್ರಿಂಟ್ ಮೂಲಕ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ್ದ. ಜರ್ಮನ್ ಯಂತ್ರ, ಜರ್ಮನ್ ತಂತ್ರಜ್ಞರು. ಓಲಿಯೋಗ್ರಾಫ್ ಅಂತ ಕರೆಯುವ ಆ ಪ್ರಿಂಟ್‌ಗೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು. ಅದೇ ಕಾಗದ ಅಷ್ಟೂ ಕಲ್ಲುಗಳ ಮೇಲೆ ಸರಿಯಾಗಿ ಕೂರಬೇಕು, ಕೂದಲೆಳೆ ಜಾರಿದರೂ ಲಕ್ಷ್ಮಿಗೆ ಎರಡೆರಡು ತುಟಿ. ಮಲ್ಟಿಲೇಯರ್ ಪಿಸಿಬಿ ಅಲೈನ್‌ಮೆಂಟ್ ಮಾಡಿದವರಿಗೆ ಆ ಸಂಕಟ ಅರ್ಥ ಆಗುತ್ತೆ. ನಂತರದ ಕಾಲಕ್ಕೆ ಬಂದರೆ ಕಲಬುರಗಿಯ ಎಸ್. ಎಂ. ಪಂಡಿತ್ (1916–1993). ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಎರಡರಲ್ಲೂ ಅವರದ್ದು ದೊಡ್ಡ ಹೆಸರು. ನಮ್ಮ ಬೆಂಗಳೂರಿನ ಬಿ. ಕೆ. ಎಸ್. ವರ್ಮ 2023ರಲ್ಲಿ ತೀರಿಕೊಂಡರು. ಕನ್ನಡಾಂಬೆ ಅಂದಾಗ ನಮಗೆಲ್ಲ ಕಣ್ಣ ಮುಂದೆ ಬರುವ ಭುವನೇಶ್ವರಿಯ ಮುಖ ಅವರು ಕೊಟ್ಟಿದ್ದು. ವೇದಿಕೆ ಮೇಲೆ ಹಾಡು ನಡೆಯುತ್ತಿರುವಾಗಲೇ ಚಿತ್ರ ಬರೆದು ಮುಗಿಸುತ್ತಿದ್ದರು. ನಮ್ಮ ಕಾಲೇಜಿನ ರಾಜ್ಯೋತ್ಸವದ ಬ್ಯಾನರ್‌ನಲ್ಲಿ ಯಾರ ಚಿತ್ರದ ನೆರಳಿದೆ ಅಂತ ಈ ನವೆಂಬರ್‌ನಲ್ಲಿ ನೋಡಿಕೊಳ್ಳಿ.

ಪ್ರಿಂಟನ್ನು ಪ್ರಿಂಟ್ ಅಂತ ಹೇಳಿ, ಪ್ರಿಂಟ್ ಬೆಲೆಗೆ ಮಾರಿದರೆ ಅದರಲ್ಲಿ ತಪ್ಪೇನಿಲ್ಲ. ನಮಗೆ ಆಗಿದ್ದು ಅದಲ್ಲ.

ಈಗ ಮುಖ್ಯ ವಿಷಯ. ಬೆಟ್ಟ, ಹೂವು, ವೃತ್ತ ಇವನ್ನೆಲ್ಲ ಬಿಟ್ಟು ಮನುಷ್ಯರನ್ನೇ ಗೋಡೆಗೆ ಹಾಕುವುದು ಯಾಕೆ ಕಷ್ಟ? ನನಗನ್ನಿಸೋದು, ಅವರು ಅಲಂಕಾರದ ವಸ್ತು ಆಗಿ ಉಳಿಯುವುದಿಲ್ಲ, ಮನೆಗೆ ಬಂದ ಇನ್ನೊಬ್ಬರು ಆಗುತ್ತಾರೆ. ಮುಖ ಕಂಡ ತಕ್ಷಣ ನಮ್ಮ ಮೆದುಳು ಅದರ ಮನಸ್ಸು ಓದಲು ಶುರು ಮಾಡುತ್ತದೆ. ಅದಕ್ಕೇ ದೊಡ್ಡವರು ಅಳುವ ಹೆಂಗಸಿನ ಚಿತ್ರ ಬೇಡ, ಯುದ್ಧದ ಚಿತ್ರ ಬೇಡ ಅನ್ನುತ್ತಾರೆ. ನಾನು ಮೊದಲು ಇದನ್ನೆಲ್ಲ ವಾಸ್ತು ಅಂತ ನಗುತ್ತಿದ್ದೆ. ಈಗ ಅರ್ಧ ಒಪ್ಪುತ್ತೇನೆ. ದಿನಾ ಬೆಳಿಗ್ಗೆ ಕಾಫಿ ಕುಡಿಯುವಾಗ ಎದುರಿಗೆ ಯಾರೋ ಅಳುತ್ತಾ ಕೂತಿದ್ದರೆ ಯಾರಿಗೆ ಚೆನ್ನಾಗಿರುತ್ತೆ? (ಗೀತೋಪದೇಶದ ಚಿತ್ರ ಮಾತ್ರ ಎಲ್ಲರ ಮನೆಯಲ್ಲೂ, ಆಟೋದಲ್ಲೂ ಇದೆ. ಅದು ರಣರಂಗದ ನಟ್ಟನಡುವೆ ನಡೆಯುವುದು ಅಂತ ಯಾರಿಗೂ ನೆನಪಾಗುವುದಿಲ್ಲ.)

ಯೂಸುಫ್ ಅರಕ್ಕಲ್ ಅವರ ಚಿತ್ರಗಳು ನನಗೆ ತುಂಬಾ ಇಷ್ಟ. ಕೇರಳದಿಂದ ಬೆಂಗಳೂರಿಗೆ ಬಂದು, ಎಚ್‌ಎಎಲ್‌ನಲ್ಲಿ ಕೆಲಸ ಮಾಡಿ, ಚಿತ್ರಕಲಾ ಪರಿಷತ್ತಿನಲ್ಲಿ ಓದಿ, ಕೊನೆಗೆ ಕಾರ್ಖಾನೆ ಬಿಟ್ಟು ಕುಂಚ ಹಿಡಿದವರು, 2016ರಲ್ಲಿ ತೀರಿಕೊಂಡರು. ಊರಿನಲ್ಲಿ ಒಂಟಿಯಾದ ಮನುಷ್ಯ, ಮಂಕು ಬಣ್ಣ, ಸುಮ್ಮನೆ ಕೂತ ದೇಹ. ಪಿಜಿ ರೂಮಿನ ಭಾನುವಾರ ಸಂಜೆ ಹೇಗಿರುತ್ತೆ ಅಂತ ಅವರಿಗೆ ಗೊತ್ತಿತ್ತು. ಆದರೆ ಪುಸ್ತಕದಲ್ಲಿ ತೋರಿಸಿದಾಗ ಅಮ್ಮ ಒಂದೇ ಮಾತು ಹೇಳಿದರು: "ಪಾಪ, ಇವನಿಗೆ ಊಟ ಹಾಕಬೇಕು ಅನ್ನಿಸುತ್ತೆ, ಹಾಲ್‌ಗೆ ಬೇಡ." ಚಿತ್ರ ಅಮ್ಮನಿಗೆ ತಾಗಿತ್ತು, ಆದ್ದರಿಂದಲೇ ಬೇಡ ಆಯಿತು. ಗ್ಯಾಲರಿಯಲ್ಲಿ ಹತ್ತು ನಿಮಿಷ ನಿಲ್ಲಿಸಿಕೊಳ್ಳುವ ಚಿತ್ರವೇ ಬೇರೆ, ಹತ್ತು ವರ್ಷ ಜೊತೆಗಿರುವ ಚಿತ್ರವೇ ಬೇರೆ. ರವಿವರ್ಮನ ಸಂಗೀತಗಾರ್ತಿಯರ ಚಿತ್ರದಲ್ಲಿ 11 ಹೆಂಗಸರಿದ್ದಾರೆ. ಅದ್ಭುತ, ಆದರೆ ನಮ್ಮ ಎರಡು ಬೆಡ್‌ರೂಮಿನ ಮನೆಯಲ್ಲಿ ಅಷ್ಟು ಜನರಿಗೆ ಜಾಗ ಎಲ್ಲಿ?

ನೋಟದ ಬಗ್ಗೆ ಒಂದು ಜ್ಯಾಮಿತಿ ಹೇಳಲೇಬೇಕು. ಕೆಲವು ಚಿತ್ರದ ಕಣ್ಣು ನಾವು ಹೋದ ಕಡೆಯೆಲ್ಲ ತಿರುಗುತ್ತದೆ ಅಂತಾರಲ್ಲ, ಅದು ದೆವ್ವ ಅಲ್ಲ. ನಿಜವಾದ ಮನುಷ್ಯನ ಮುಂದೆ ನೀವು ಎಡಕ್ಕೆ ಸರಿದರೆ ಅವನ ಮೂಗು ಒಂದು ಕೆನ್ನೆಯನ್ನು ಮರೆಮಾಡುತ್ತದೆ, ಕಣ್ಣುಗುಡ್ಡೆ ಪಕ್ಕಕ್ಕೆ ಹೋದ ಹಾಗೆ ಕಾಣುತ್ತದೆ. ಚಿತ್ರ ಚಪ್ಪಟೆ. ನೀವು ಎಲ್ಲಿ ನಿಂತರೂ ಮೂಗು ಅಷ್ಟೇ ಮರೆಮಾಡಿದೆ, ಕಣ್ಣುಗುಡ್ಡೆ ಮಧ್ಯದಲ್ಲೇ ಇದೆ. ಇಡೀ ಚಿತ್ರ ಸ್ವಲ್ಪ ಕಿರಿದಾಗುತ್ತದೆ ಅಷ್ಟೇ. ಹಾಗಾಗಿ ಎದುರಿಂದ ನಿಮ್ಮನ್ನು ನೋಡುವ ಮುಖ ಎಲ್ಲ ಕಡೆಯಿಂದಲೂ ನಿಮ್ಮನ್ನೇ ನೋಡುತ್ತದೆ. ಎದುರಿಂದ ನೋಡದಿರುವ ಮುಖ ಯಾವ ಮೂಲೆಯಿಂದಲೂ ನೋಡುವುದಿಲ್ಲ. ಓದುವ ಟೇಬಲ್ ಎದುರು, ಮಲಗುವ ಕೋಣೆಯಲ್ಲಿ ಮೊದಲನೇ ಜಾತಿ ಬೇಡ. ಟೆಸ್ಟ್ ಮಾಡೋದು ಸುಲಭ, ಒಮ್ಮೆ ಎದುರಿಗೆ ನಿಂತರೆ ಸಾಕು, ಅಂಗಡಿಯೆಲ್ಲ ಸುತ್ತಿ ನೋಡಬೇಕಿಲ್ಲ.

ಜನವರಿಯಲ್ಲಿ ಚಿತ್ರಸಂತೆಗೆ ಹೋದೆವು. ಗೊತ್ತಿಲ್ಲದವರಿಗೆ: ಪ್ರತಿ ವರ್ಷ ಜನವರಿಯ ಒಂದು ಭಾನುವಾರ ಕುಮಾರಕೃಪ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಸಂತೆ. ದೇಶದ ನಾನಾ ಕಡೆಯ ಕಲಾವಿದರು ಫುಟ್‌ಪಾತ್ ಮೇಲೆ ಚಿತ್ರ ಒರಗಿಸಿಕೊಂಡು ಕೂರುತ್ತಾರೆ. ನೂರು ರೂಪಾಯಿಯಿಂದ ಲಕ್ಷದವರೆಗೂ ಸಿಗುತ್ತದೆ. ಯಶವಂತಪುರದಿಂದ ಹಸಿರು ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದು ಆಟೋ ಹಿಡಿಯಿರಿ, ಕಾರು ಮಾತ್ರ ಬೇಡ. ಅಲ್ಲಿನ ದೊಡ್ಡ ಲಾಭ ಏನಂದ್ರೆ ಬರೆದವರೇ ಎದುರಿಗಿರುತ್ತಾರೆ. ಎಷ್ಟು ದಿನ ಹಿಡೀತು, ಯಾವ ಕಾಗದ, ಕೂತಿದ್ದು ಯಾರು, ಎಲ್ಲ ಕೇಳಬಹುದು. ಪ್ರಿಂಟ್ ಅಂಟಿಸಿದವರು ಈ ಪ್ರಶ್ನೆಗಳಿಗೆ ತಡವರಿಸುತ್ತಾರೆ. ಹನ್ನೊಂದು ಗಂಟೆ ಮೇಲೆ ಜನ ತಳ್ಳಿಕೊಂಡು ಹೋಗುತ್ತಾರೆ, ಬೆಳಿಗ್ಗೆ ಬೇಗ ಹೋಗಿ.

ಮೂರು ಗಂಟೆ ಸುತ್ತಿದೆವು. ಕುದುರೆಗಳು, ಬುದ್ಧರು, ಮತ್ತೆ ಕುದುರೆಗಳು, ಮತ್ತೆ ಬುದ್ಧರು. ಅಪ್ಪನಿಗೆ ಒಂದು ಮೈಸೂರು ಶೈಲಿಯ ಸರಸ್ವತಿ ಇಷ್ಟವಾಯಿತು. ಗೆಸ್ಸೋ ಉಬ್ಬಿಸಿ ಅದರ ಮೇಲೆ ಚಿನ್ನದ ಹಾಳೆ ಕೂರಿಸುವ ಕೆಲಸ ಅದು. ತಂಜಾವೂರಿನದರಷ್ಟು ದಪ್ಪ ಉಬ್ಬಿರುವುದಿಲ್ಲ, ನಾಜೂಕು. ಬೆಲೆ ಕೇಳಿ ಅಪ್ಪ ನಮಸ್ಕಾರ ಮಾಡಿ ಮುಂದೆ ನಡೆದರು.

ಅಜ್ಜಿ ನಿಂತಿದ್ದು ಒಬ್ಬ ಫೈನ್ ಆರ್ಟ್ಸ್ ವಿದ್ಯಾರ್ಥಿನಿಯ ಮುಂದೆ. ನನ್ನದೇ ವಯಸ್ಸು ಇರಬಹುದು. ಒಂದು ಜಲವರ್ಣ: ಮೊರ ಮುಂದಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿರುವ ವಯಸ್ಸಾದ ಹೆಂಗಸು. ಮುಖ ತಗ್ಗಿಸಿದ್ದಾಳೆ, ಅರ್ಧ ಮಾತ್ರ ಕಾಣುತ್ತದೆ. ಬೆರಳು ಮಾತ್ರ ಪೂರ್ತಿ. ಅಜ್ಜಿ ಬಗ್ಗಿ ನೋಡಿ, "ಇವಳು ಸೊಗಡಿನ ಕಾಯಿ ಆರಿಸಿಕೊಂಡಿಲ್ಲ" ಅಂದರು. ಆ ಹುಡುಗಿಗೆ ಅರ್ಥ ಆಗಲಿಲ್ಲ, ನನಗೂ ಆಗಲಿಲ್ಲ, ಆದರೆ ಅಜ್ಜಿ ಚಿತ್ರದ ಒಳಗೆ ಹೋಗಿ ಮೊರದ ಪಕ್ಕ ಕೂತಾಗಿತ್ತು. ನಾನು ಲೂಪ್ ತೆಗೆದು ನೋಡಿದೆ. ಚುಕ್ಕೆ ಇಲ್ಲ, ಪೆನ್ಸಿಲ್ ಗೆರೆ ಇದೆ. ಆಕೆ ನಕ್ಕು, "ಚೆಕ್ ಮಾಡ್ಕೊಳ್ಳಿ" ಅಂದರು. ಸ್ವಲ್ಪ ನಾಚಿಕೆ ಆಯಿತು. ನಾಲ್ಕೂವರೆ ಸಾವಿರ. ಚೌಕಾಸಿ ಮಾಡಬೇಡಿ ಅಂತ ಅಪ್ಪನಿಗೆ ಕಣ್ಸನ್ನೆ ಮಾಡಿದೆ. ಜೆಲ್ ಬಳಿದವರಿಗೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೆವಲ್ಲ.

ತಂದ ಮೇಲೂ ಕೆಲಸ ಇದೆ. ಬೆಳಕು ಬೇಕು, ಆದರೆ ಬೆಳಕೇ ಶತ್ರು. ಮ್ಯೂಸಿಯಂನವರು ಜಲವರ್ಣ, ಕಾಗದದ ಚಿತ್ರಗಳಿಗೆ ಸುಮಾರು 50 ಲಕ್ಸ್, ಆಯಿಲ್‌ಗೆ 200 ಲಕ್ಸ್ ಲೆಕ್ಕ ಇಟ್ಟುಕೊಳ್ಳುತ್ತಾರೆ. ಹೊರಗಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ ಬರುತ್ತದೆ. ಬಾಲ್ಕನಿ ಬಾಗಿಲ ಎದುರಿನ ಗೋಡೆಗೆ ದಿನಾ ಒಂದು ಗಂಟೆ ಬಿಸಿಲು ಬಿದ್ದರೂ ಹಾನಿ ಕೂಡುತ್ತಾ ಹೋಗುತ್ತದೆ, ಅದು ಇಂಟಿಗ್ರಲ್ ಇದ್ದ ಹಾಗೆ, ಹಿಂದಕ್ಕೆ ಬರುವುದಿಲ್ಲ. ಹಳೇ ಅಂಗಡಿಗಳಲ್ಲಿ ಕ್ಯಾಲೆಂಡರ್ ದೇವರೆಲ್ಲ ನೀಲಿಯಾಗಿರೋದು ನೋಡಿದ್ದೀರಲ್ಲ? ಬಿಸಿಲಿಗೆ ಹಳದಿ, ಮೆಜೆಂಟಾ ಮೊದಲು ಹೋಗುತ್ತವೆ, ಸಯಾನ್ ಉಳಿಯುತ್ತದೆ. ಕೃಷ್ಣನಿಗೆ ನಷ್ಟ ಇಲ್ಲ, ಲಕ್ಷ್ಮಿ ಪಾಡು ಮಾತ್ರ ಬೇಡ.

ಬಲ್ಬ್ ಕೂಡ ಮುಖ್ಯ, ವಿಶೇಷವಾಗಿ ಮನುಷ್ಯರ ಚಿತ್ರಕ್ಕೆ. ಸಾಮಾನ್ಯ ಎಲ್‌ಇಡಿ ಬಲ್ಬಿನ ಸಿಆರ್‌ಐ 80ರ ಆಸುಪಾಸು, ಅದರಲ್ಲಿ ಗಾಢ ಕೆಂಪು ಕಡಿಮೆ. ನಮ್ಮ ಚರ್ಮದ ಕಂದು ಬಣ್ಣಕ್ಕೆ ಆ ಕೆಂಪೇ ಜೀವ. ಅದಿಲ್ಲದಿದ್ದರೆ ಚಿತ್ರದ ಮುಖಕ್ಕೆ ಜ್ವರ ಬಂದ ಹಾಗೆ ಕಾಣುತ್ತದೆ. 90ರ ಮೇಲಿನ ಬಲ್ಬ್ ಸ್ವಲ್ಪ ದುಬಾರಿ, ಒಂದು ತಂದರೆ ಸಾಕು.

ಕಾಗದ ಗಾಜಿಗೆ ತಾಗಬಾರದು. ಮಧ್ಯೆ ಮೌಂಟ್ ಬೋರ್ಡ್ ಇದ್ದರೆ ಗಾಳಿಗೆ ಜಾಗ ಇರುತ್ತದೆ. ಇಲ್ಲದಿದ್ದರೆ ತೇವ ಕೂತು ಅಂಟಿಕೊಳ್ಳುತ್ತದೆ. ದೀಪದ ಹುಡುಗಿಗೆ ಆಗಿದ್ದು ಅದೇ. ಮಳೆ ಹೊಡೆಯುವ ಹೊರಗೋಡೆಗೆ ಹಾಕಬೇಡಿ, ಹಾಕಲೇಬೇಕಾದರೆ ಫ್ರೇಮ್ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿ. ಮೊಳೆ ವಿಷಯ ಸಿವಿಲ್‌ನವರಿಗೆ ಬಿಡುತ್ತೇನೆ: ನಿಮ್ಮದು ಎಎಸಿ ಬ್ಲಾಕ್ ಗೋಡೆಯಾ, ಕಾಂಕ್ರೀಟ್ ಗೋಡೆಯಾ ಅಂತ ಮೊದಲು ತಿಳಿದುಕೊಳ್ಳಿ. ಬ್ಲಾಕ್‌ಗೆ ಹ್ಯಾಮರ್ ಮೋಡ್ ಹಾಕಿದರೆ ತೂತು ಪುಡಿಪುಡಿಯಾಗುತ್ತದೆ, ಕಾಂಕ್ರೀಟ್‌ಗೆ ಹಾಕದಿದ್ದರೆ ಬಿಟ್ ಸವೆದುಹೋಗುತ್ತದೆ.

ಎತ್ತರಕ್ಕೆ ಗ್ಯಾಲರಿಗಳಲ್ಲಿ ಒಂದು ರೂಢಿ ಇದೆ, ಚಿತ್ರದ ಮಧ್ಯಭಾಗ ನೆಲದಿಂದ 57 ಇಂಚು. ಅದು ನಿಂತು ನೋಡುವವರ ಕಣ್ಣಿನ ಮಟ್ಟ. ಮನೆಯಲ್ಲಿ ನಾವು ಕೂತು ನೋಡುತ್ತೇವೆ, ಆದ್ದರಿಂದ ಇನ್ನೂ ನಾಲ್ಕೈದು ಇಂಚು ಕೆಳಗೆ ಇದ್ದರೂ ಪರವಾಗಿಲ್ಲ. ಅವರೆಕಾಯಿ ಹೆಂಗಸನ್ನು ಊಟದ ಟೇಬಲ್ ಪಕ್ಕ, 52 ಇಂಚಿಗೆ ಹಾಕಿದೆವು. ಚಿನ್ನದ ವೃತ್ತಗಳು ಬರಲೇ ಇಲ್ಲ.

ದೀಪದ ಹುಡುಗಿಯ ಗಾಜನ್ನು ಫ್ರೇಮ್ ಅಂಗಡಿಯವರು ನಿಧಾನವಾಗಿ ಬಿಡಿಸಿದರು. ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ಕಾಗದ ಹೋಯಿತು, ಕತ್ತಲೆಯ ಭಾಗ, ಮೌಂಟ್ ಅಡಿಯಲ್ಲಿ ಮುಚ್ಚಿಹೋಗಿದೆ. ಅಜ್ಜಿಯ ಕೋಣೆಗೆ ಹಾಕುವಾಗ ನಾನು ಟೇಪ್ ಹಿಡಿದು 57 ಇಂಚಿಗೆ ಗುರುತು ಮಾಡಿದೆ. ಅಜ್ಜಿ ಬೇಡ ಅಂದರು. ಹಳೇ ಮನೆಯಲ್ಲಿದ್ದ ಹಾಗೆ ಮೇಲೆ, ದಾರ ಉದ್ದ ಬಿಟ್ಟು, ಮುಂದಕ್ಕೆ ಬಾಗಿರುವ ಹಾಗೆ ಬೇಕಂತೆ. ಹಾಗೇ ಹಾಕಿದೆ. ಆಮೇಲೆ ಅವರ ಮಂಚದ ಮೇಲೆ ಮಲಗಿ ನೋಡಿದೆ. ಆ ಬಾಗಿನಿಂದ ಚಿತ್ರ ಸರಿಯಾಗಿ ಮಲಗಿದವರ ಕಣ್ಣಿಗೆ ಎದುರಾಗುತ್ತದೆ, ಟ್ಯೂಬ್‌ಲೈಟಿನ ಪ್ರತಿಬಿಂಬವೂ ಗಾಜಿನಲ್ಲಿ ಬರುವುದಿಲ್ಲ.